ದೊಡ್ಡಮ್ಮನವರಿಗೆಂದು ಮಾಡಿದ ಉಬ್ಬು ಹೂ

ಹೂವನ್ನು ಕೊಡುವಂತಿರಲಿಲ್ಲ. ಆ ಕಾರ್ಡಿನ ಯೋಚನೆ ಹುಟ್ಟಿದ್ದೇ ಅದರಿಂದ.

ಮೈಸೂರಿನಲ್ಲಿ ಬಿ.ಎ. ಮುಗಿಸಿ ನಾನು ಮಧುಗಿರಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಉಪಾಧ್ಯಾಯಿನಿಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಒಳ್ಳೆಯ ಕಾಗದವಂತೂ ಕನಸು. ಮಕ್ಕಳು ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಹುಡುಗಿಯರು ದೊಡ್ಡಮ್ನೋರು ಎನ್ನುತ್ತಿದ್ದರು, ನನ್ನನ್ನು ಚಿಕ್ಕಮ್ನೋರು. ದೊಡ್ಡಮ್ಮನವರು ವಿಧವೆ. ಹಣೆಯಲ್ಲಿ ವಿಭೂತಿ ಬಿಟ್ಟರೆ ಬೇರೇನೂ ಇಲ್ಲ, ಅಂಚಿಲ್ಲದ ಬಿಳಿಯ ಸೀರೆ. ಗ್ರಹಣದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದು, ಮಸಿ ಹಿಡಿಸಿದ ಗಾಜಿನಲ್ಲಿ ಸೂರ್ಯನನ್ನು ತೋರಿಸಿ, "ಇದು ನೆರಳು, ಹಾವೂ ಅಲ್ಲ, ದೆವ್ವವೂ ಅಲ್ಲ" ಎಂದವರು ಅವರು. ಊರಿನ ದೊಡ್ಡ ಮನುಷ್ಯರು ಶಾಲೆಯ ಕಾಂಪೌಂಡಿನಲ್ಲಿ ಎತ್ತು ಕಟ್ಟಿದಾಗ ತಾವೇ ಹೋಗಿ ಹಗ್ಗ ಬಿಚ್ಚಿ ಎತ್ತುಗಳನ್ನು ಬೀದಿಗೆ ಬಿಟ್ಟವರೂ ಅವರೇ.

ಅವರಿಗೆ ಸಿರಾಕ್ಕೆ ವರ್ಗವಾಯಿತು.

ಬೀಳ್ಕೊಡುಗೆಗೆ ಏನು ಕೊಡಬೇಕೆಂದು ಮೇಲಿನ ತರಗತಿಯ ಹುಡುಗಿಯರು ಹೊಲಿಗೆಯ ಕೋಣೆಯಲ್ಲಿ ಸೇರಿದ್ದರು. ನಾನು ಒಂದು ಮೂಲೆಯಲ್ಲಿ ಕೂತು ಕಾಂಪೋಜಿಷನ್ ತಿದ್ದುತ್ತಿದ್ದೆ.

"ಸಿರಾದಲ್ಲಿ ಉರ್ದು ಬರಬೇಕಂತೆ. ದೊಡ್ಡಮ್ನೋರು ಇನ್ಮೇಲೆ ಬೈಠೋ ಅಂತಾರೆ ನೋಡು."

"ನೀನು ಅಲ್ಲಿ ಇದ್ದಿದ್ರೆ ಬೈಠೋ ಅಂದ್ರೂ ಕೂರ್ತಿರಲಿಲ್ಲ ಬುಡು."

"ದೊಡ್ಡ ಹಾರ ತರೋಣ."

"ಹಾರ ಹಾಕ್ತಾಳಂತೆ ಹಾರ! ನಿಮ್ಮಜ್ಜಿಗೆ ಹಾಕು ಹೋಗೆ."

"ಹಂಗಾದ್ರೆ ಒಂದು ಗುಲಾಬಿ ಕೈಗೆ ಕೊಟ್ರೆ?"

"ಕೈಗೆ ಕೊಟ್ರೆ ಅವರೇನು ಮುಡ್ಕಂತಾರಾ?"

ಬೇರೆ ಯಾವ ಉಪಾಧ್ಯಾಯಿನಿ ಹೊರಟರೂ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ ಕೊಡುವುದು ನಮ್ಮ ಶಾಲೆಯ ಪದ್ಧತಿ. ದೊಡ್ಡಮ್ಮನವರಿಗೆ ಇವುಗಳಲ್ಲಿ ಕೊಡಬಹುದಾದದ್ದು ಏನೂ ಇರಲಿಲ್ಲ. ಆಗ ಕಿಟಕಿಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು, "ಕಾಗದದ ಹೂ ಮುಡಿಯೋ ಹೂ ಅಲ್ಲವಲ್ಲ" ಎಂದಳು.

ಈ ಹುಡುಗಿಯ ಬಗ್ಗೆ ಹೇಳಬೇಕು. ಪೇಟೆಬೀದಿಯ ಧಾನ್ಯದ ವ್ಯಾಪಾರಿಯೊಬ್ಬರ ಮಗಳು. ಹದಿಮೂರೋ ಹದಿನಾಲ್ಕೋ ವಯಸ್ಸು. ಹಿಂದಿನ ವರ್ಷ ಮದುವೆಯಾಗಿತ್ತು. ಗಂಡನ ಮನೆ ಪಾವಗಡದ ಕಡೆ, ಬಲಸಮುದ್ರ. ಗಂಡ ತುಮಕೂರಿನ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದ. ಲೋಯರ್ ಸೆಕೆಂಡರಿ ಪರೀಕ್ಷೆ ಆಗುವವರೆಗೆ ಹುಡುಗಿ ತಾಯಿಯ ಮನೆಯಲ್ಲಿರಲಿ ಎಂದು ದೊಡ್ಡಮ್ಮನವರೇ ಎರಡೂ ಕಡೆಯವರ ಹತ್ತಿರ ಮಾತಾಡಿ ಒಪ್ಪಿಸಿದ್ದರು. ಆ ಪರೀಕ್ಷೆ ಪಾಸಾದವಳಿಗೆ ಹಳ್ಳಿಯ ಶಾಲೆಯಲ್ಲಾದರೂ ಪಾಠ ಹೇಳುವ ಕೆಲಸ ಸಿಗುತ್ತಿತ್ತು. ಪರೀಕ್ಷೆ ಹತ್ತಿರ ಬಂದಿತ್ತು. ಅತ್ತೆಯ ಮನಸ್ಸು ಯಾವ ಗಳಿಗೆಯಲ್ಲಿ ಬದಲಾಗುವುದೋ ಎಂಬ ಹೆದರಿಕೆ ಹುಡುಗಿಗೂ ಇತ್ತು, ನಮಗೂ ಇತ್ತು.

ಬಣ್ಣವಿಲ್ಲದೆ, ಶಾಯಿಯಿಲ್ಲದೆ, ಕಾಗದವನ್ನೇ ಒತ್ತಿ ಉಬ್ಬಿಸಿ ಹೂ ಮಾಡುವುದನ್ನು ನಾನು ಮೈಸೂರಿನಲ್ಲಿ ಕಲಿತಿದ್ದೆ. ದಪ್ಪ ರಟ್ಟಿನಲ್ಲಿ ಎಲೆಯ ಆಕಾರ ಕತ್ತರಿಸಿ ತೆಗೆದು, ಅದರ ಮೇಲೆ ಕಾಗದವಿಟ್ಟು, ಕಿಟಕಿಯ ಗಾಜಿಗೆ ಆನಿಸಿ ಹಿಡಿದರೆ ಬೆಳಕಿನಲ್ಲಿ ಆಕಾರ ಕಾಣುತ್ತದೆ. ಅದರ ಅಂಚಿನ ಗುಂಟ ಮೊಂಡಾದ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತ ಬರಬೇಕು. ತಿರುಗಿಸಿದಾಗ ಇನ್ನೊಂದು ಬದಿಯಲ್ಲಿ ಎಲೆ ಎದ್ದಿರುತ್ತದೆ. ಮೇಲುಗಡೆಯಿಂದ ನೋಡಿದರೆ ಬರೀ ಬಿಳಿ, ಓರೆಯಾಗಿ ಹಿಡಿದರೆ ನೆರಳು ಬಿದ್ದು ಎಲೆಯ ನರಗಳೂ ಕಾಣುತ್ತವೆ. ಬಿಳಿಯ ಮೇಲೆ ಬಿಳಿ. ದೊಡ್ಡಮ್ಮನವರಿಗೆ ಇದಕ್ಕಿಂತ ಸರಿಯಾದದ್ದು ನನಗೆ ತೋಚಲಿಲ್ಲ. ಕಾಲೇಜಿನಿಂದ ತಂದಿಟ್ಟಿದ್ದ ದಪ್ಪ ಡ್ರಾಯಿಂಗ್ ಹಾಳೆ ಒಂದೇ ಒಂದು ಉಳಿದಿತ್ತು. ಅದನ್ನು ಕೊಟ್ಟೆ.

ಎಲೆಗಳು ಸುಲಭವಾಗಿ ಬಂದವು. ಹಳೆಯ ಕ್ಯಾಲೆಂಡರಿನ ರಟ್ಟು, ಉಲ್ಲನ್ ಹೆಣೆಯುವ ಕಡ್ಡಿಯ ಗುಂಡು ತುದಿ, ಇಷ್ಟರಲ್ಲೇ ಆಯಿತು. ತೊಂದರೆ ಕೊಟ್ಟದ್ದು ನಡುವಿನ ಹೂ. ಒಬ್ಬಳು ಮನೆಯಿಂದ ಸಂಕ್ರಾಂತಿಯ ಸಕ್ಕರೆ ಅಚ್ಚು ತಂದಳು. ತುಂಡು ಕಾಗದವನ್ನು ನೆನೆಸಿ ಅದರೊಳಗೆ ಒತ್ತಿದೆವು. ಅಚ್ಚಿನ ಗುಳಿ ಆಳವಾಗಿತ್ತು, ಕಾಗದ ಬಿರಿದು ಮುದ್ದೆಯಾಯಿತು.

"ಇದು ತಾವರೆ."

"ತಾವರೆ ಅಲ್ಲ ಕಣೇ, ಬೆರಣಿ. ಗೋಡೆಗೆ ತಟ್ಟಿ ಬಾ, ಒಣಗಲಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಿಟಕಿಯ ಹುಡುಗಿ ಮಾತ್ರ ಒಂದು ತುಂಡು ಕಾಗದ ಕೇಳಿ ಇಸಿದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವಳು ತಂದ ಹೂವನ್ನು ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ತಾವರೆ. ಒಂದೊಂದು ದಳದ ಅಂಚೂ ಬೇರೆಬೇರೆಯಾಗಿ ಎದ್ದಿತ್ತು. ಸುತ್ತ ಸಾಸಿವೆಯಂಥ ಚುಕ್ಕಿಗಳ ಸಾಲು, ಅದರಾಚೆ ಹುರಿ ಹೊಸೆದಂಥ ಒಂದು ಬಳೆ. ಮೈಸೂರಿನಲ್ಲಿ ನಮಗೆ ಕಲಿಸಿದವರೂ ಇಷ್ಟು ನವುರಾಗಿ ಮಾಡಲಾರರು.

"ಯಾವ ಅಚ್ಚು ಇದು?"

"ಮನೇಲಿತ್ತು ಚಿಕ್ಕಮ್ನೋರೆ."

ಅವಳ ಮನೆಯಲ್ಲಿ ಹಳೆಯ ಬೆಳ್ಳಿಯ ಭರಣಿಯೋ ಬಟ್ಟಲೋ ಇರಬೇಕು ಎಂದುಕೊಂಡೆ. ಹೂವನ್ನು ಕಾರ್ಡಿನ ನಡುವೆ ಮೈದಾ ಅಂಟಿನಿಂದ ಕೂರಿಸಿದೆವು. ಒಳಗೆ ಎಲ್ಲರೂ ಸೇರಿ ಎರಡು ಸಾಲು ಬರೆದರು. ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಬೀಳ್ಕೊಡುಗೆಯ ದಿನ ಮಧ್ಯಾಹ್ನ ಯಾರಿಗೋ ಲಕೋಟೆಯ ನೆನಪಾಯಿತು. ಲಕೋಟೆ ಮಾಡಿದರು, ಅದರ ಮೇಲೂ ಒಂದು ಹೂವಿರಬೇಕೆಂದರು. ಒದ್ದೆ ಕಾಗದದಲ್ಲಿ ಒತ್ತಿದ ಹೂ ಒಣಗಲು ಬಿಸಿಲಿನಲ್ಲಿ ಬಹಳ ಹೊತ್ತು ಬೇಕು. ಅಷ್ಟು ಹೊತ್ತು ಇರಲಿಲ್ಲ. ಸಭೆಯ ಮೇಜಿಗೆ ಹಾಸುವ ಬಟ್ಟೆಗೆಂದು ಶಾಲೆಯ ಆಯಾ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ಹೊಲಿಗೆಯ ಕೋಣೆಯಲ್ಲಿಟ್ಟು ನೀರು ತರಲು ಹೋಗಿದ್ದಳು. ನಾನು ಅಂಗಳದಲ್ಲಿ ಬೆಂಚು ಹಾಕಿಸುತ್ತಿದ್ದೆ.

ಮೊದಲು ಬಂದದ್ದು ವಾಸನೆ. ಅಂಚೆಕಚೇರಿಯಲ್ಲಿ ಪಾರ್ಸೆಲಿಗೆ ಮುದ್ರೆ ಹಾಕುವಾಗ ಬರುತ್ತದಲ್ಲ, ಅರಗು ಸುಟ್ಟ ವಾಸನೆ. ಅರಗಿಗೆ ಇಲ್ಲಿ ಏನು ಕೆಲಸ ಎಂದುಕೊಳ್ಳುತ್ತ ಒಳಗೆ ಹೋದೆ.

ಹುಡುಗಿ ಮೇಜಿನ ಮುಂದೆ ನಿಂತಿದ್ದಳು. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಿದ್ದಳು. ಮಡಿಸಿದ ಒದ್ದೆ ಬಟ್ಟೆಯ ಮೇಲೆ ಕಾಗದ ಕಂದಿತ್ತು. ಅದರ ಕೆಳಗಿನಿಂದ ಕೆಂಪುಗಪ್ಪು ಅರಗು ಹರಿದು ಬಂದಿತ್ತು, ಅರಗಿನ ನಡುವೆ ಹಳದಿಯದೇನೋ ಹೊಳೆಯಿತು. ಬಳಸಿ ಬಿಸಾಡಿದ ದೊನ್ನೆಯ ಹಾಗೆ ಚಪ್ಪಟೆಯಾಗಿತ್ತು. ಪಕ್ಕದಲ್ಲಿ ಅರಿಶಿನದ ದಾರ.

"ಇದೇನು?" ಎಂದೆ.

"ಅಚ್ಚು" ಎಂದಳು.

ಅವಳ ಒಂದು ಕೈ ಕತ್ತಿನ ಮೇಲಿತ್ತು. ಕೈ ತೆಗೆದಾಗ ಅಲ್ಲಿ ದಾರದ ಮಾಸಲು ಗುರುತು ಮಾತ್ರ ಕಂಡಿತು. ಆ ತಾವರೆ, ಆ ಚುಕ್ಕಿಗಳು, ಆ ಹುರಿಯ ಬಳೆ, ಎಲ್ಲವನ್ನೂ ನಾನು ದಿನವೂ ಅವಳ ಕತ್ತಿನಲ್ಲಿ ನೋಡುತ್ತಲೇ ಇದ್ದೆ. ತೆಳುವಾದ ಚಿನ್ನದ ತಗಡಿನಲ್ಲಿ ಹೂ ಉಬ್ಬಿಸಿ, ಹಿಂದೆ ಟೊಳ್ಳಿಗೆ ಅರಗು ತುಂಬಿದ ತಾಳಿಬೊಟ್ಟು ಅದು.

"ಅವತ್ತು ಕುತ್ಗೇಲಿದ್ದಂಗೇ ಮಾಡಿದ್ದೆ" ಎಂದಳು. "ಮಣೆ ಮೇಲೆ ಬೊಟ್ಟು ಇಟ್ಟು, ಬಗ್ಗಿಕೊಂಡು, ಮೇಲೆ ಕಾಗದ ಹಾಕಿ ಚಮಚದ ಬೆನ್ನಲ್ಲಿ ಉಜ್ಜಿದ್ದೆ. ಇವತ್ತು ಪೆಟ್ಗೆ ಬಿಸಿ ಮುಖಕ್ಕೆ ಹೊಡೀತಿತ್ತು. ಅದಕ್ಕೇ ತಲೆ ಮೇಲಿಂದ ತೆಗ್ದೆ. ಬಿಚ್ಚಲಿಲ್ಲ ಚಿಕ್ಕಮ್ನೋರೆ. ಗಂಟು ಬಿಚ್ಚಲಿಲ್ಲ."

ಅಷ್ಟರಲ್ಲಿ ಆಯಾ ನೀರಿನ ಕೊಡ ಹೊತ್ತು ಬಂದವಳು ನೋಡಿದಳು. ಕೊಡವನ್ನು ಹೇಗೆ ಇಳಿಸಿದಳೋ, ನೀರೆಲ್ಲ ನೆಲಕ್ಕೆ ಚೆಲ್ಲಿತು.

"ಅಯ್ಯೋ ನನ್ನವ್ವ! ಕುತ್ಗೆ ಬೋಳು ಮಾಡ್ಕಂಡು ನಿಂತವಳಲ್ಲಪ್ಪ! ಮುಚ್ಕಳ್ಳೇ, ಸೆರಗು ಹೊದ್ಕಳ್ಳೇ! ಯಾರಾನ ಓಡ್ರೇ, ಅರಿಶಿನದ ಕೊಂಬು ತನ್ನಿ! ದಾರಕ್ಕೆ ಕಟ್ಟಿ ಹಾಕ್ಬೇಕು, ಈಗ್ಲೇ ಹಾಕ್ಬೇಕು!"

ಒಬ್ಬಳು ಓಡಿದಳು. ಕೊಂಬು ಬಂತು. ದಾರಕ್ಕೆ ಕಟ್ಟಿದ್ದಾಯಿತು. ಅದನ್ನು ಅವಳ ಕತ್ತಿಗೆ ಹಾಕುವವರು ಯಾರು? ಮುತ್ತೈದೆಯೇ ಹಾಕಬೇಕು. ಆಯಾ ಸುತ್ತ ನೋಡಿದಳು. ಮಿಕ್ಕ ಹುಡುಗಿಯರು ಮದುವೆಯಾಗದವರು, ನಾನೂ ಅಷ್ಟೆ. ನನ್ನನ್ನು ನೋಡಿ, "ನೀವಾಗಲ್ಲ" ಎಂದಳು. ಅದರಲ್ಲಿ ಕುಹಕವೇನೂ ಇರಲಿಲ್ಲ, ಪಾತ್ರೆಯಲ್ಲಿ ಉಪ್ಪಿಲ್ಲ ಎಂದಷ್ಟೇ ಸಹಜವಾಗಿ ಹೇಳಿದಳು. ಆದರೂ ನಾನು ಹಿಂದಕ್ಕೆ ಸರಿದೆ.

ದೊಡ್ಡಮ್ಮನವರು ಆಗ ಬಂದರು. ಗಲಾಟೆ ಕೇಳಿ ದಾಪುಗಾಲು ಹಾಕುತ್ತ ಬಂದವರು ಬಾಗಿಲಲ್ಲಿ ಒಮ್ಮೆಗೇ ನಿಂತರು. ಮೇಜನ್ನು ನೋಡಿದರು, ಹುಡುಗಿಯ ಕತ್ತನ್ನು ನೋಡಿದರು. ಅವರು ಒಳಗೆ ಬಂದು ಎಲ್ಲವನ್ನೂ ಸರಿಮಾಡುತ್ತಾರೆಂದು ನಾನು ಕಾದೆ. ಅವರು ಹೊಸಿಲಿನಿಂದ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ನಾನು ಬರುವುದಿಲ್ಲ. ಮೊದಲು ಕಟ್ಟಿ" ಎಂದರು, ಮುಖವನ್ನು ಅಂಗಳದ ಕಡೆಗೆ ತಿರುಗಿಸಿದರು.

ಗ್ರಹಣದ ಸೂರ್ಯನನ್ನು ತೋರಿಸಿದವರು ಇವರೇ ಹೌದೇ ಎಂದು ನನಗೆ ಅನಿಸಿತು. ಬೊಟ್ಟು ಕರಗಿದ್ದನ್ನು ಕಂಡಾಗ ಆದ ಗಾಬರಿಗಿಂತ ಇದೇ ನನಗೆ ಹೆಚ್ಚು ನಾಟಿತು.

"ನನ್ ಗಂಡ ಓಡೋಗಿ ಯಾವ ಕಾಲ ಆಯ್ತೋ" ಎಂದು ಆಯಾ ತನಗೆ ತಾನೇ ಹೇಳಿಕೊಂಡಳು. "ಸತ್ತ ಅಂತ ಇನ್ನೂ ಯಾರೂ ಬಂದು ಹೇಳಿಲ್ಲ. ಹಂಗಾಗಿ ನಾನೂ ಮುತ್ತೈದೇನೆ. ಇವರ ಮನೆಯೋರು ಒಪ್ತಾರೋ ಬಿಡ್ತಾರೋ. ಬಾರವ್ವ ಇಲ್ಲಿ." ಒದ್ದೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ದಾರವನ್ನು ಹುಡುಗಿಯ ತಲೆಯ ಮೇಲಿನಿಂದ ಇಳಿಸಿದಳು. ಆಮೇಲೆ ಗೋಡೆಗೆ ಒರಗಿ ಕೂತು ಅತ್ತಳು.

ಆ ದಿನ ಬೀಳ್ಕೊಡುಗೆ ನಡೆಯಲಿಲ್ಲ. ಹುಡುಗಿಯ ತಾಯಿ ಬಂದು, ಯಾರ ಮುಖವನ್ನೂ ನೋಡದೆ, ಕರಗಿದ ಬೊಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಗಳನ್ನು ಕರೆದುಕೊಂಡು ಹೋದರು. ಮುಚ್ಚಿಡುವ ಮಾತೇ ಇರಲಿಲ್ಲ. ಪಾವಗಡದ ಬಸ್ಸಿನಲ್ಲಿ ಬಲಸಮುದ್ರಕ್ಕೆ ಆಳು ಹೋದ. ಸುದ್ದಿ ಮುಟ್ಟಿದ ಮಾರನೆಯ ದಿನವೇ ಅತ್ತೆ ಬಂದಿಳಿದರು.

ಅವರು ಬೀಗರ ಮನೆಯಲ್ಲಿ ನಿಲ್ಲಲಿಲ್ಲ. ಬೀಗಿತ್ತಿಯನ್ನೂ ಸೊಸೆಯನ್ನೂ ಮುಂದೆ ಬಿಟ್ಟುಕೊಂಡು ನೇರವಾಗಿ ಶಾಲೆಗೇ ಬಂದರು. ಎತ್ತರದ ಗಟ್ಟಿ ಹೆಂಗಸು, ಮಾತಿನಲ್ಲಿ ಪಾವಗಡದ ಕಡೆಯ ತೆಲುಗು ಬೆರೆತಿತ್ತು. ಆಗ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದವು. ಅವರ ಮುಖದ ತುಂಬ ಮಸಿ ಕೂತಿತ್ತು.

"ನೀರು ಕೊಡ್ರಮ್ಮಾ ಮೊದ್ಲು. ಬಸ್ಸೋ ಕೆಂಡದ ಕುಮ್ಮಟೆಯೋ ಅದು! ಮಿಡಿಗೇಶಿ ಏರು ಬಂದ್ರೆ ಇಳಿದು ತಳ್ಳಿ ಅಂತಾನೆ, ಆ ಮಹಾರಾಯ." ಮುಖ ತೊಳೆದು, ಕಾಲು ತೊಳೆದು, ಹೊಲಿಗೆಯ ಕೋಣೆಯ ಬೆಂಚಿನ ಮೇಲೆ ಕೂತು, "ಏಮಮ್ಮಾ, ಇಲ್ಲೇನಾ ನಡ್ದಿದ್ದು?" ಎಂದರು.

ನಾನು ಹೌದೆಂದೆ. ಹುಡುಗಿ ಗೋಡೆಯ ಹತ್ತಿರ ನಿಂತಿದ್ದಳು, ಕತ್ತಿನಲ್ಲಿ ಅರಿಶಿನದ ಕೊಂಬು. ಆಯಾ ಬಾಗಿಲ ಹಿಂದೆ. ದೊಡ್ಡಮ್ಮನವರು ಒಳಗೆ ಬರದೆ ಜಗಲಿಯ ಕಂಬದ ಪಕ್ಕ ನಿಂತಿದ್ದರು. ಸಿರಾದಲ್ಲಿ ಕೆಲಸಕ್ಕೆ ಸೇರಲು ಅವರಿಗೆ ಇನ್ನೂ ಸಮಯವಿತ್ತು.

ಅತ್ತೆ ಬೀಗಿತ್ತಿಯ ಕೈಯಿಂದ ಕರವಸ್ತ್ರ ತೆಗೆದುಕೊಂಡು ಬಿಚ್ಚಿದರು. "ನಮ್ಮತ್ತೇದು ಇದು. ಮುತ್ತೈದೆ ಸಾವು ಕಂಡೋಳು ಮಹಾತಾಯಿ. ಅದಕ್ಕೇ ಅದೇ ಬೊಟ್ಟನ್ನ ಇವಳಿಗೆ ಕಟ್ಟಿಸ್ದೆ, ಅವಳ ಭಾಗ್ಯ ಇವಳಿಗೆ ಬರ್ಲಿ ಅಂತ. ಈಗ ನೋಡಿ! ನಿನ್ನೆ ನಮ್ ಬೀಗಿತ್ತಿ ನಿಮ್ಮೂರ ಅಕ್ಕಸಾಲಿಗೆ ತೋರಿಸಿದ್ರಂತೆ. ಚಿನ್ನ ಎಲ್ಲೂ ಹೋಗಿಲ್ಲ, ಅರಗು ತುಂಬಿ ಕೊಡ್ತೀನಿ, ಆದ್ರೆ ಹೂ ಅಳಿಸಿಹೋಗೈತೆ, ಮಾದರಿ ಬೇಕು ಅಂದ್ನಂತೆ. ಮಾದರಿ ಎಲ್ಲಿಂದ ತರ್ಲಿ? ಮಾಡಿದೋನು ಮಣ್ಣಾಗಿ ಎಷ್ಟೋ ಕಾಲವಾತು." ನನ್ನ ಕಡೆ ಕೈ ಚಾಚಿ, "ಕಾಗದದಾಗೆ ಅದರ ಹೂ ಮೂಡೈತಂತಲ್ಲ. ಅದನ್ನ ಕೊಡ್ರಿ. ಹೂ ಇದ್ದಂಗೇ ತಿರುಗಿ ಬಂತಾ, ಏನೂ ನಡೆದೇ ಇಲ್ಲ ಅಂದ್ಕಂತೀನಿ. ಹುಡುಗಿ ಪರೀಕ್ಷೆ ಬರೀಲಿ. ಬರ್ಲಿಲ್ವಾ, ಇವತ್ತಿನ ಬಸ್ಸಿಗೇ ನನ್ ಜೊತೆ ಬತ್ತಾಳೆ. ಓದೂ ಸಾಕು, ಹೂವೂ ಸಾಕು" ಎಂದರು.

ನಾನು ಬೀರುವಿನ ಬೀಗ ತೆಗೆದೆ. ಇಷ್ಟು ಸುಲಭದಲ್ಲಿ ಮುಗಿಯುವುದೆಂದು ನಾನು ಎಣಿಸಿರಲಿಲ್ಲ. ಕಾರ್ಡನ್ನು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಹೇಗೆ ಹಿಡಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೆಬ್ಬೆರಳನ್ನು ಹೂವಿನ ಮೇಲೆ ಒಂದು ಸುತ್ತು ಆಡಿಸಿದರು.

"ದೇವುಡಾ! ಅತ್ತೆ ಎದೆ ಮೇಲಿದ್ದಂಗೇ ಐತಲ್ಲಮ್ಮಾ!" ಅವರ ಕಣ್ಣು ತುಂಬಿತು. ಹುಡುಗಿಯ ತಾಯಿ ಉಸಿರು ಬಿಟ್ಟರು.

ಆಗ ಅತ್ತೆ ಕಾರ್ಡನ್ನು ತಿರುಗಿಸಿ, ತೆರೆದು, ಒಳಗಿನ ಬರವಣಿಗೆ ನೋಡಿದರು. ಓದಲು ಬಾರದವರು. "ಇದು ಯಾರಿಗೆ ಮಾಡಿದ್ದು?" ಎಂದರು.

ಪ್ರಶ್ನೆಯಲ್ಲಿ ಸಂಶಯವಿರಲಿಲ್ಲ. ಶಾಲೆ ನೋಡಲು ಬರುವ ಇನ್ಸ್‌ಪೆಕ್ಟರಮ್ಮನವರಿಗೆ ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು. ಇನ್ನೊಂದು ಗಳಿಗೆಯಾಗಿದ್ದರೆ ಅದನ್ನೇ ಹೇಳಿಬಿಡುತ್ತಿದ್ದೆ.

"ದೊಡ್ಡಮ್ನೋರಿಗೆ" ಎಂದಳು ಹುಡುಗಿ. "ಅವರಿಗೆ ಹೂ ಕೊಡೋಹಂಗಿಲ್ಲ ಅಂತ, ಅದಕ್ಕೆ."

ಅತ್ತೆ ಅವಳ ನೋಟದ ಗುಂಟ ತಿರುಗಿದರು. ಜಗಲಿಯಲ್ಲಿ ಬಿಳಿಯ ಸೀರೆ ಕಂಡಿತು, ಬೋಳು ಕತ್ತು ಕಂಡಿತು. ಕಾರ್ಡು ಅವರ ಕೈಯಿಂದ ಬೆಂಚಿನ ಮೇಲೆ ಬಿತ್ತು. ಆ ಕೈಯನ್ನು ಸೆರಗಿನಲ್ಲಿ ಮತ್ತೆ ಮತ್ತೆ ಒರೆಸಿಕೊಂಡರು.

"ಬಾಯಿ ಮುಚ್ಕಂಡಿರೋಕೆ ಏನಾಗಿತ್ತೇ ನಿಂಗೆ, ಮುಂಡೇದೇ!" ಎಂದು ತಾಯಿ ಹಣೆ ಚಚ್ಚಿಕೊಂಡರು. ಹುಡುಗಿಯ ಮುಖ ಕಾಗದದಂತಾಗಿತ್ತು, ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಮುತ್ತೈದೆ ಬೊಟ್ಟಿನ ಹೂವು..." ಅತ್ತೆ ಕರವಸ್ತ್ರವನ್ನು ಮತ್ತೆ ಗಂಟು ಕಟ್ಟಿದರು. "ಇದು ಅಕ್ಕಸಾಲಿ ಮನೆಗೆ ಹೋಗಂಗಿಲ್ಲ. ನಡಿಯಮ್ಮ, ಬಟ್ಟೆ ಕಟ್ಕೋ."

ದೊಡ್ಡಮ್ಮನವರು ಹುಡುಗಿಯ ಪರವಾಗಿ ಮಾತಾಡುತ್ತಾರೆ ಎಂದುಕೊಂಡೆ. ಕಂಬವನ್ನು ಹಿಡಿದ ಅವರ ಕೈ ಮಾತ್ರ ನನಗೆ ಕಾಣುತ್ತಿತ್ತು. ಅತ್ತೆ ಎದ್ದು ಬಾಗಿಲ ತನಕ ಹೋದವರು ಅವರ ಎದುರಿಗೆ ನಿಂತರು. ಬೈಯುತ್ತಾರೆಂದು ಆಯಾ ಕೂಡ ಮುಂದೆ ಬಂದಳು.

"ನಿಮಗೆ ಯಾವಾಗ ಹಿಂಗಾತು?" ಎಂದು ಅತ್ತೆ ಕೇಳಿದರು.

ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ನಾನು ಎಂದೂ ಕೇಳದ ಪ್ರಶ್ನೆ. ಕೇಳಬಹುದೆಂದೂ ತಿಳಿದಿರಲಿಲ್ಲ.

"ಇವಳಿಗಿಂತ ಸಣ್ಣವಳಿದ್ದಾಗ."

"ಆಮ್ಯಾಕೆ ಓದಿಸ್ದೋರು ಯಾರು? ಅಪ್ಪನಾ?"

"ಅಪ್ಪ ಒಪ್ಪಲಿಲ್ಲ. ನಮ್ಮತ್ತೆ ಓದಿಸಿದರು."

"ಮಗ ಹೋದ ಮೇಲಾ?"

"ಹೌದು."

ಅತ್ತೆ ಅಲ್ಲೇ ನಿಂತರು. ಹೊರಗೆ ಬಿಸಿಲಿಗೆ ಬೆಟ್ಟದ ಬಂಡೆ ಕಾದು ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಇದ್ದರು. ಆಮೇಲೆ ಸೊಸೆಯ ಕಡೆ ತಿರುಗದೆ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಹೇಳಿದರು:

"ಹೆತ್ತೋಳು ಆಡಬಾರದ ಮಾತು ಇದು. ಆಡ್ತೀನಿ. ನನ್ ಮಗನಿಗೆ ನಾಳೆ ಏನಾನ ಆಯ್ತು ಅಂತಿಟ್ಕಳ್ಳಿ. ನಾನಿರಗಂಟ ಈ ಹುಡುಗೀಗೆ ಒಂದು ಹೊತ್ತೂ ಊಟ ತಪ್ಪಾಕಿಲ್ಲ. ನಾನು ಹೋದ ಮೇಲೆ? ಮೈದುನರ ಹೆಂಡ್ರ ಕೈ ಕೆಳಗೆ ಪಾತ್ರೆ ತಿಕ್ಕಂಡು ಬಿದ್ದಿರ್ತಾಳೆ. ಸರೇಲೇ. ಬರೀಲಿ. ಪರೀಕ್ಷೆ ಬರ್ದು ಪಾಸಾಗ್ಲಿ."

"ಬಿಡ್ತು ಅನ್ನಿ! ಅಮ್ಮಾ, ಬಿಡ್ತು ಅನ್ನಿ!" ಆಯಾ ಕೂಗಿದಳು. ಕೆಟ್ಟ ಮಾತು ಬಾಯಿಂದ ಬಿದ್ದರೆ ಮರುಗಳಿಗೆಯಲ್ಲೇ ಬಿಡ್ತು ಎಂದು ಅದನ್ನು ಅಳಿಸಬೇಕು. ಅಂಥ ಮಾತನ್ನು ತಾಯಿಯೇ ಆಡಿದ್ದಳು, ಹೆತ್ತ ಮಗನ ಬಗ್ಗೆ, ಹಾಡಹಗಲು, ನಾಲ್ಕು ಜನರ ಎದುರಿಗೆ. ಹುಡುಗಿಯ ತಾಯಿ ಎರಡೂ ಕಿವಿ ಮುಚ್ಚಿಕೊಂಡಿದ್ದರು. ಅವರು ಬಿಡ್ತು ಎನ್ನಲಿ ಎಂದು ತರ್ಕಶಾಸ್ತ್ರ ಓದಿದ ನಾನೂ ಕಾಯುತ್ತಿದ್ದೆ.

ಅವರು ಅನ್ನಲಿಲ್ಲ. ಹೊಸ ಬೊಟ್ಟು ಸಾದಾ ಇರಲಿ, ಹೂ ಬೇಡ, ಅಕ್ಕಸಾಲಿಗೆ ಹೇಳಿ ಎಂದು ಬೀಗಿತ್ತಿಗೆ ತಿಳಿಸಿದರು. ಕಾರ್ಡು ಬಿದ್ದಲ್ಲೇ ಇತ್ತು. ಅದರ ಕಡೆ ನೋಡಲಿಲ್ಲ. ಹೊರಟರು.

ಬಸ್ಸಿಗೆ ಹತ್ತಿಸಿ ಬಾ ಎಂದು ದೊಡ್ಡಮ್ಮನವರು ನನಗೆ ಕಣ್ಣಲ್ಲೇ ಹೇಳಿದರು. ಪಾವಗಡದ ಬಸ್ಸು ನಿಂತಿತ್ತು. ಕ್ಲೀನರು ಹಿಂದಿನ ಇದ್ದಿಲ ಒಲೆಯ ರಾಟೆ ತಿರುಗಿಸಿ ಗಾಳಿ ಊದುತ್ತಿದ್ದ. ಅತ್ತೆ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟರು, ಕಂಬಿಯನ್ನು ಹಿಡಿದರು, ಹಾಗೆಯೇ ನಿಂತುಬಿಟ್ಟರು.

"ಹತ್ತಮ್ಮೋ, ಗ್ಯಾಸು ಎದ್ದೈತೆ!" ಕ್ಲೀನರು ಕೂಗಿದ.

ಅವರು ಕಾಲನ್ನು ಕೆಳಗಿಳಿಸಿದರು. ನನ್ನ ಮುಖವನ್ನು ನೋಡಿದರು. ಅಷ್ಟು ಹೊತ್ತೂ ಕಲ್ಲಿನಂತಿದ್ದ ಮುಖ, ಈಗ ಗುರುತೇ ಸಿಗದಂತಾಗಿತ್ತು.

"ಟೀಚರಮ್ಮಾ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗೋದು ಯಾವುದು?"

"ತುಮಕೂರಿಗಾ?"

"ನನ್ ಮಗ ಇರೋದು ಅಲ್ಲೇ ಅಲ್ವಾ. ಯಾವುದಮ್ಮಾ? ಬೇಗ ಹೇಳು ತಾಯಿ."

ಆಚೆ ಬದಿಯಲ್ಲಿ ಹೊರಡಲು ಸಿದ್ಧವಾಗಿದ್ದ ಬಸ್ಸನ್ನು ತೋರಿಸಿದೆ. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಸೆರಗು ಜಾರಿದ್ದೂ ಅವರಿಗೆ ತಿಳಿಯಲಿಲ್ಲ.

ಹುಡುಗಿ ಪರೀಕ್ಷೆ ಬರೆದಳು. ಅದೆಲ್ಲ ಮುಗಿದ ಮೇಲೆ ಒಂದು ದಿನ ಅವಳೇ ನನಗೆ ಹೇಳಿದಳು. ಅವಳ ಗಂಡ ಹಾಸ್ಟೆಲಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದನಂತೆ. ಕತ್ತಲಾಗುವ ಹೊತ್ತಿಗೆ, ಮುಖವೆಲ್ಲ ಮಸಿ ಮಾಡಿಕೊಂಡು ಬಂದು ಎದುರಿಗೆ ನಿಂತ ತಾಯಿಯನ್ನು ನೋಡಿ, ಮನೆಯಲ್ಲಿ ಯಾರೋ ಹೋದರೆಂದು ಅವನೇ ಹೆದರಿ ಅತ್ತುಬಿಟ್ಟನಂತೆ. ಏನಾಯಿತು, ಏಕೆ ಬಂದೆ ಎಂದು ಎಷ್ಟು ಕೇಳಿದರೂ ಅವರು ಹೇಳಲಿಲ್ಲವಂತೆ. ಅವನ ಒದ್ದೆಯ ಕೈಗಳನ್ನು ಹಿಡಿದುಕೊಂಡು, "ಹಿಂಗೇ ಕಣಪ್ಪ, ಸುಮ್ನೆ, ನೋಡ್ಕಂಡ್ ಹೋಗಾನ ಅಂತ" ಎಂದರಂತೆ.